ಸ್ವಂತದ್ದು ಅಂದ್ರ ಯಾರದು?

ಒಂದು ಸ್ಪರ್ಧಾ ನಡಸಲಿಕ್ಕೆ ಹೋಗಿ ನಾ ಹೆಂಗ ಸಿಕ್ಕೊಂಡೆ ಅನ್ನೂದನ್ನ ಇವತ್ತು ಬರೀಬೇಕು ಅಂತ ಕೂತೀನಿ. ಕುಕ್ಕರಿನ್ಯಾಗ ಬ್ಯಾಳಿ ಇಟ್ಟು ಬಂದೀನಿ, ನಡುವ ಸೀಟಿ ಎಣಸಲಿಕ್ಕೆ ಎದ್ದು ಹೋಗ್ತೀನಿ. ಮಾತು ಎಲ್ಲೆರ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನಮ್ಮ ಓಣಿ ಮಹಿಳಾ ಮಂಡಳಕ್ಕ ಈ ಸಲ 25 ವರ್ಷ ತುಂಬಿದ್ವು. ಗುರುವಾರಕ್ಕೊಮ್ಮೆ ಭಜನಿ, ತಿಂಗಳಿಗೊಮ್ಮೆ ಭಿಶಿ, ವರ್ಷಕ್ಕೊಮ್ಮೆ ಬಾದಾಮಿ ಬನಶಂಕರಿಗೋ ಸವದತ್ತಿ ಗುಡ್ಡಕ್ಕೋ ಹೋಗಿ ಬರೂದು, ಇಷ್ಟ ನಮ್ಮ ಮಂಡಳ. ಆದ್ರ 25 ಅಂದ್ರ ಸುಮ್ನ ಬಿಡ್ಲಿಕ್ಕಾಗ್ತದೇನ್ರಿ? 38 ಮಂದಿಗೆ ಒಂದೊಂದು ಕೈಚೀಲಾ, ಕಾರ್ಯಕ್ರಮದ ಟೇಬಲ್ಲಿಗೆ ಒಂದು ಹಾಸು, ಬಾಗಲಕ್ಕ ತೋರಣ, ಎಲ್ಲಾದರ ಮ್ಯಾಲೂ ಮಂಡಳದ್ದು ಅಂತ ಒಂದ ಕಸೂತಿ ಗುರ್ತು ಇರಬೇಕು ಅಂತ ಠರಾವಾತು. ಯಾವ ಗುರ್ತು? ಒಬ್ಬಾಕಿ ನವಿಲು ಅಂದ್ಲು, ಇನ್ನೊಬ್ಬಾಕಿ ಅಂಬಾರಿ ಆನಿ, ಮತ್ತೊಬ್ಬಾಕಿ ತುಳಸಿ ಕಟ್ಟಿ. ಮಾತು ಜೋರಾಗಿ ಚಹಾ ಆರಿ ಹೋತು. ಕಡೀಕ ಯಾರೋ, "ಸ್ಪರ್ಧಾ ಇಡ್ರಿ, ಯಾರದು ಛೊಲೋ ಬರ್ತದೋ ಅದ ಗುರ್ತು" ಅಂದ್ರು. ಎಲ್ಲಾರೂ ಹೂಂ ಅಂದ್ರು. ಅಂದವ್ರೆಲ್ಲಾ ನನ್ನ ಕಡೆ ನೋಡಿದ್ರು. ಪಿಯುಸಿ ಕಲತೀರಿ, ಅಕ್ಷರ ದುಂಡಗ ಅದಾವ, ನೀವ ನೋಡ್ಕೋರಿ ಅಂತ. ದುಂಡಗ ಬರಿಯೂದಕ್ಕೂ ನ್ಯಾಯ ಹೇಳೂದಕ್ಕೂ ಏನ ಸಂಬಂಧ ಅಂತ ಆವತ್ತ ಕೇಳಬೇಕಿತ್ತು ನಾ. ಕೇಳಲಿಲ್ಲ, ಒಳಗೊಳಗ ಖುಷಿನ ಆಗಿತ್ತು.

ಪಂಚಮಿ ಉಂಡಿ ಮುಗದ ಮರುದಿನ ನೋಟಬುಕ್ಕಿನ ಹಾಳಿ ಹರದು ಏಳು ನಿಯಮಾ ಬರದೆ. ಅರಬಿ ಎಲ್ಲಾರಿಗೂ ಒಂದ ಥರದ್ದು, 12 ಇಂಚಿನ ಚೌಕ. ದಾರದ ಬಣ್ಣ ನಾಲ್ಕಕ್ಕ ಹೆಚ್ಚಿರಬಾರದು. ಹೆಸರು ಬರೀಬಾರದು, ಚೀಟಿ ಎತ್ತಿ ಬಂದ ನಂಬರ್ ಅಷ್ಟ ಹಚ್ಚಬೇಕು. ಘಟಸ್ಥಾಪನಾ ಮುಂಚಿನ ಗುರುವಾರ ಕೊಡಬೇಕು. ಹಿಂದ ಮುಂದ ಒಂದ ಕಾಣಬೇಕು. ಇನ್ನೊಂದು, ಎಲ್ಲಾ ತಂಟೆಕ್ಕ ಮೂಲಾ ಆದದ್ದು: "ಚಿತ್ರ ಸ್ವಂತದ್ದಿರಬೇಕು." ಬರಿಯೂಮುಂದ ಒಂದು ನಿಮಿಷನೂ ವಿಚಾರ ಮಾಡಲಿಲ್ಲ ನೋಡ್ರಿ. ಸ್ಪರ್ಧಾ ಅಂದ ಮ್ಯಾಲೆ ಹಂಗ ಬರೀತಾರ, ಅದಕ್ಕ ಬರದೆ. ಮೊದಲನೇ ಬಹುಮಾನಕ್ಕ ಇಳಕಲ್ ಸೀರಿ, ಎರಡನೇದಕ್ಕ ಗುಳೇದಗುಡ್ಡದ ಖಣ. ಸುಭಾಸ ರೋಡಿಗೆ ಹೋಗಿ ಮ್ಯಾಟಿ ಅರಬಿ ತಂದು, ಮನ್ಯಾಗ ನೆಲದ ಮ್ಯಾಲೆ ಹಾಸಿ ಚೌಕ ಕತ್ತರಿಸಿದೆ. ನಮ್ಮ ಮನಿಯವ್ರು ದಾಟಿಕೋತ ಹೋಗಿ, "ಏನು, ಇಲೆಕ್ಷನ್ ಕಮಿಷನ್ ನಮ್ಮ ಮನ್ಯಾಗ ಬಂತೇನು?" ಅಂದ್ರು. ಅವರ ಬಾಯಿ ಹರಕಿ.

ಬೆಂಗಳೂರಾಗ, ದೂರದ ದೇಶದಾಗ ಇರೋ ನಮ್ಮ ಹುಡುಗ್ಯಾರಿಗೆ ಕಸೂತಿ ಅಂದ್ರ ಬರೇ ಮಷಿನ್ನಿಂದ ಹೊಲದ ಕುರ್ತಾ. ಅವರ ಸಲುವಾಗಿ ಎರಡು ಮಾತು ಹೇಳಿಬಿಡ್ತೀನಿ. ಕಸೂತ್ಯಾಗ ಹೊಲಗಿ ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಅರಬಿ ಮ್ಯಾಲೆ ಪೆನ್ಸಿಲ್ಲಿಂದ ಚಿತ್ರಾ ಬರಕೊಳ್ಳೂಹಂಗಿಲ್ಲ, ದಾರಕ್ಕ ಗಂಟು ಹಾಕೂಹಂಗಿಲ್ಲ. ಅರಬಿ ಎಳಿ ಎಣಸಿಕೋತ ಎಣಸಿಕೋತ ಹೋಗೂದು. ಗವಂತಿ ಅಂದ್ರ, ಹೋಗೂಮುಂದ ಒಂದು ಬಿಟ್ಟು ಒಂದು ಹಾಕ್ಕೋತ ಹೋಗಿ, ಹೊಳ್ಳಿ ಬರೂಮುಂದ ಬಿಟ್ಟ ಜಾಗಾ ತುಂಬಿಕೋತ ಬರೂದು. ಮುರಗಿ ಅಂದ್ರ ಅದ ಹೊಲಗಿ, ಆದ್ರ ಪಾವಟಿಗಿ ಏರಿಧಂಗ ಅಡ್ಡಾ ಉದ್ದಾ ಹೋಗ್ತದ. ಈ ಎರಡೂ ಹಿಂದ ಮುಂದ ಒಂದ ಕಾಣ್ತಾವ. ಹೋಗೂಮುಂದನ ಹೊಳ್ಳಿ ಬರೂ ದಾರಿ ತಲ್ಯಾಗ ಇರಬೇಕು. ಒಂದು ಎಳಿ ತಪ್ಪಿತಂದ್ರ ನವಿಲಿನ ಕೊಕ್ಕು ಕುತಗಿಗೆ ಕೂಡೂದುಲ್ಲ, ಬಿಚ್ಚೂದ ಸೈ. ನೇಗಿ ನೇಯ್ದಂಗ ಕಾಣ್ತದ, ಅದರ ಹಿಂದಿನ ಬಾಜು ಬ್ಯಾರೇನ. ಮೆಂತಿ ಅಂದ್ರ ಮೆಂತಿ ಕಾಳಿನಂಗ ಸಣ್ಣ ಸಣ್ಣ ಕತ್ರಿ ಹೊಲಗಿ, ಒಳಗ ತುಂಬಲಿಕ್ಕೆ. ಅದಕ್ಕ "ಹಿಂದ ಮುಂದ ಒಂದ ಕಾಣಬೇಕು" ಅಂತ ನಾ ಬರದದ್ದು ನೋಡಿ ಎದರಿನ ಮನಿ ವೈನಿ ನಕ್ಕು, "ಹಂಗಾರ ಮೆಂತಿ ಹಾಕೂಹಂಗಿಲ್ಲೇನ್ರಿ? ನೀವು ಕಸೂತಿ ಹಾಕಿ ಎಷ್ಟ ವರ್ಷ ಆತು?" ಅಂದ್ರು. ಮರ್ಯಾದಿ ಹೋತು. ಆ ನಿಯಮಾ ಹೊಡದು ಹಾಕಿದೆ. ಸ್ವಂತದ್ದು ಅನ್ನೂದು ಮಾತ್ರ ಹಂಗ ಉಳೀತು.

ಆ ಎರಡು ತಿಂಗಳು ನಮ್ಮ ಓಣ್ಯಾಗ ಒಂದು ಮಜಾ. ಮಧ್ಯಾಹ್ನ ಯಾರ ಮನಿಗೆ ಹೋದ್ರೂ ಮೊದಲ ಏನೋ ಬಚ್ಚಿಟ್ಟು ಆಮ್ಯಾಲೆ ಬಾಗಲಾ ತಗೀತಿದ್ರು. ಬಟ್ಟಿಗೆ ಸೂಜಿ ಚುಚ್ಚಿದ ಕಲಿ, ಮೂಗಿನ ಮ್ಯಾಲೆ ಚಷ್ಮಾದ ಕಲಿ, ಆದ್ರ ಬಾಯಾಗ "ನಾ ಎಲ್ಲಿ ಹಾಕ್ಲಿಕ್ಕತ್ತೀನಿ ಬಿಡ್ರಿ". ಹೇಳಿದ ದಿನ ಹನ್ನೊಂದು ಚೌಕ ಬಂದ್ವು. ಹೆಸರಿಲ್ಲ, ಬರೇ ನಂಬರು. ಆದ್ರ ಏನ ಹೇಳ್ಲಿ, ಸಾರಿನ ರುಚಿ ಮ್ಯಾಲೆ ಯಾರ ಕೈ ಅಂತ ಹೇಳಿಧಂಗ, ಹೊಲಗಿ ನೋಡಿದ ಕೂಡಲೆ ಯಾರದು ಅಂತ ಎಲ್ಲಾರಿಗೂ ಗೊತ್ತಾತು. ಬಿಗೀ ಜಗ್ಗಿ ಹಾಕಿದ್ದು ಕಿರಾಣಿ ಅಂಗಡಿಯವರ ಮನಿಯಾಕೀದು. ಸಡ್ಲ ಇದ್ದದ್ದು ನಮ್ಮ ಪಕ್ಕದವ್ರದು. ಮೂಲಿಮನಿ ಅಜ್ಜೀದಂತೂ ಕೇಳೂದ ಬ್ಯಾಡ. ಅದಕ್ಕ 7 ನಂಬರ್ ಬಂದಿತ್ತು.

ಅಜ್ಜಿಗೆ ಈಗ 81. ಒಂದು ಕಣ್ಣು ಮೋತಿಬಿಂದು ಆಪರೇಶನ್ ಆಗೇದ, ಇನ್ನೊಂದಕ್ಕ ಮಾಡಸಿಕೊಳ್ಳಲಿಲ್ಲ. ಮುಂಜಾನೆ ಹತ್ತರಿಂದ ಹನ್ನೆರಡರ ತನಕಾ ಕಟ್ಟಿ ಮ್ಯಾಲೆ ಬಿಸಲಿಗೆ ಬೆನ್ನ ಕೊಟ್ಟು ಕೂತು ಹಾಕ್ತಿದ್ರು, ಅಷ್ಟ. ಕೆಂಪು, ಹಸರು, ಎರಡ ಬಣ್ಣ. ನಡುವ ಗೋಪುರ, ಅದರ ಕೆಳಗ ಒಂದು ಮುರಗಿ ಸಾಲು ಇಳೀತಾ ಬಂದು ಸಣ್ಣ ಚೌಕದ ಹತ್ತರ ನಿಂತಿತ್ತು. ಅದು ತುಳಸಿ ಕಟ್ಟಿ ಅಂತ ನಾವೆಲ್ಲಾ ತಿಳಕೊಂಡ್ವಿ. ಅರಬಿ ಹೊಳ್ಳಿಸಿ ನೋಡಿದ್ರ ಯಾವದು ಮುಂದ ಯಾವದು ಹಿಂದ ಗೊತ್ತ ಆಗಲಿಲ್ಲ. ದಾರ ಎಲ್ಲಿ ಶುರು ಆತು, ಎಲ್ಲಿ ಮುಗೀತು, ಅದೂ ಸಿಗಲಿಲ್ಲ. ನಾಲ್ಕು ಮಂದಿ ಚಷ್ಮಾ ಹಾಕ್ಕೊಂಡು ಹುಡಕಿದ್ವಿ.

ಆಗ ನಮ್ಮ ನೆಗೆಣ್ಣಿ ಬಾಯಿ ತಗದ್ಲು. "ಅಕ್ಕಾ, 7 ನಂಬರ್ ಸ್ವಂತದ್ದಲ್ಲರಿ. ಈ ಗೋಪುರ ನಮ್ಮವ್ವನ ಚಂದ್ರಕಾಳಿ ಸೀರಿ ಸೆರಗಿನ್ಯಾಗ ಅದ. ನಿಯಮಾ ನೀವ ಬರದೀರಿ."

ಅಕೀನೂ ಸ್ಪರ್ಧಾಕ್ಕ ಹಾಕಿದ್ಲು, 9 ನಂಬರು. ಅದು ಎಲ್ಲಾರಿಗೂ ಗೊತ್ತಿತ್ತು. ಆದ್ರ ಅಕಿ ಹೇಳಿದ್ದು ಸುಳ್ಳಲ್ಲ. ನಮ್ಮ ಅವ್ವಂದ್ರ ಕಾಲಕ್ಕ ಮದುವಿ ಹುಡುಗಿಗೆ ಕಸೂತಿ ಹಾಕಿದ ಕರೀ ಚಂದ್ರಕಾಳಿ ಸೀರಿ ಬೇಕ ಬೇಕಿತ್ತು, ಅದರಾಗ ಗೋಪುರ ಇಲ್ಲದ ಸೀರಿ ನಾ ನೋಡಿಲ್ಲ.

ಈಗ ಖರೇ ಹೇಳ್ತೀನಿ, ಇಷ್ಟ ದಿನಾ ಯಾರ ಮುಂದನೂ ಹೇಳಿಲ್ಲ. ನನ್ನ ಮನಸಿನ್ಯಾಗ ಆವಾಗ ನಿಯಮಾ ಇರಲಿಲ್ಲ. ಮೂರು ವರ್ಷದ ಹಿಂದ ಮನಿ ಪಾಲಿನ ಮಾತಿನ್ಯಾಗ ನಮಗೂ ಅವರಿಗೂ ಮಾತು ಬಿಟ್ಟಿದ್ವು. ಹೋದ ಯುಗಾದಿಗೆ ಅಕಿನ ಬೇವು-ಬೆಲ್ಲ ತಗೊಂಡು ಬಂದು ಮತ್ತ ಮಾತು ಶುರು ಆಗಿತ್ತು. ಎಲ್ಲಾರ ಮುಂದ ಅಕೀ ಮಾತು ಕಡದ್ರ ಹೊಳ್ಳಿ ಬಾಗಲಾ ಹಾಕ್ತಾಳ ಅಂತ ನನಗ ಅಂಜಕಿ ಬಂತು. ಅಜ್ಜಿ ಏನಂತಾರ, ದೊಡ್ಡಾಕಿ, ತಿಳಕೋತಾರ ಅಂತ ಸಮಾಧಾನ ಮಾಡ್ಕೊಂಡೆ. "ನಿಯಮದ ಪ್ರಕಾರ 7 ನಂಬರ್ ಸ್ಪರ್ಧಾದಾಗ ಬರೂದುಲ್ಲ" ಅಂದೆ. ದುಂಡಗ ಅಕ್ಷರದಾಗ ಪಟ್ಟಿ ಮ್ಯಾಲೆ ಕಾಟು ಹಾಕಿದೆ.

ಅಜ್ಜಿ ಅಲ್ಲೇ ಕುರ್ಚಿ ಮ್ಯಾಲೆ ಕೂತಿದ್ರು. ಹೆಸರಿಲ್ಲಲಾ, ತಮ್ಮದು ಅಂತ ಹೇಳೂಹಂಗಿಲ್ಲ. ಸೀರಿ ನಿರಿಗಿ ಸರಿ ಮಾಡ್ಕೊಂಡು, "ನನಗ ಔಷಧದ ಹೊತ್ತಾತು" ಅಂತ ಎದ್ದು ಹೋದ್ರು. ಯಾರೂ ಮಾತಾಡಲಿಲ್ಲ. ಎದರಿನ ಮನಿ ವೈನಿ ನನ್ನ ಮುಖಾ ನೋಡಿದ್ರು, ನಾ ಹುಣಸಿ ಬೀಜದ ಡಬ್ಬಿ ತಗದೆ.

ಹುಣಸಿ ಬೀಜ ಯಾಕಂದ್ರ ವೋಟಿಗೆ. ಹತ್ತು ಚೌಕದ ಮುಂದ ಹತ್ತು ವಾಟಿ, ಒಬ್ಬೊಬ್ಬರ ಕೈಯಾಗ ಎರಡೆರಡು ಬೀಜ, ಯಾವದು ಸೇರ್ತದೋ ಆ ವಾಟಿಗೆ ಹಾಕೂದು. ತಮ್ಮ ವಾಟಿಗೆ ತಾವ ಹಾಕೂಹಂಗಿಲ್ಲ. ಅಜ್ಜಿ ಹೋದ ಮ್ಯಾಲೆ 37 ಮಂದಿ, 74 ಬೀಜ ಆಗಬೇಕು. ಎಣಸಿದ್ರ 81! ಏಳು ಬೀಜ ಯಾರ ಮನಿ ಹುಣಸಿ ಹಣ್ಣಿನಿಂದ ಬಂದ್ವೋ ಆ ಬನಶಂಕರಿಗ ಗೊತ್ತು. ನಕ್ಕೂ ನಕ್ಕೂ ಸಾಕಾತು, ಆಮ್ಯಾಲೆ ಚೀಟಿ ಮ್ಯಾಲೆ ನಂಬರ್ ಬರಸಿ ಮತ್ತೊಮ್ಮೆ ವೋಟ್ ಹಾಕಿಸಿದೆ. 3 ನಂಬರಿಗೆ ಮೊದಲನೇದು ಬಂತು. ಎರಡು ನವಿಲು ಎದರಾಬದರಾ ನಿಂತದ್ದು, ಭಾಳ ಛಂದ ಇತ್ತು. ಹಾಕಿದಾಕಿ ನಮ್ಮ ಓಣಿಗೆ ಹೋದ ವರ್ಷ ಬಂದ ಹೊಸಾ ಸೊಸಿ. 9 ನಂಬರಿಗೆ ಖಣನೂ ಸಿಗಲಿಲ್ಲ. ಎರಡನೇದು ಬ್ಯಾರೆಯವ್ರಿಗೆ ಹೋತು.

ನಾ ಅಂದ್ಕೊಂಡೆ, ಮುಗೀತು ಇನ್ನ. ಮೂರನೇ ದಿನ ಸಂಜೀಕ ಆ ಹೊಸಾ ಸೊಸಿ ಇಳಕಲ್ ಸೀರಿ ಪೊಟ್ಟಣ ಹಿಡಕೊಂಡು ಬಾಗಲದಾಗ ನಿಂತಿದ್ಲು. ಒಳಗ ಕರದು ಕೂಡಿಸಿದೆ, ಅವಲಕ್ಕಿ ಕೊಟ್ಟೆ, ಮುಟ್ಟಲಿಲ್ಲ. "ಕಾಕೂ, ಈ ನವಿಲು ನಾ ಫೋನಿನ್ಯಾಗ ನೋಡಿ ಹಾಕಿದ್ದು. ಕುತಗಿ ಅಷ್ಟ ಬದಲಿ ಮಾಡೀನಿ, ನಡುವ ಒಂದು ಹೂವು ಹಾಕೀನಿ. ಅಜ್ಜೀದು ಸ್ವಂತದ್ದಲ್ಲ ಅಂದ್ರ ನಂದು ಹೆಂಗ ಸ್ವಂತದ್ದಾಗ್ತದರಿ?" ಅಂದ್ಲು. ಸಣ್ಣ ಹುಡುಗಿ, ನನ್ನ ಮಗಳಿಗಿಂತಾ ಸಣ್ಣಾಕಿ. ನನಗ ಉತ್ತರ ಬರಲಿಲ್ಲ. ಸೀರಿ ಟೇಬಲ್ ಮ್ಯಾಲೆ ಇಟ್ಟು ಹೋದ್ಲು.

ರಾತ್ರಿ ನಿದ್ದಿ ಹತ್ತಲಿಲ್ಲ. ಎದ್ದು ನಮ್ಮವ್ವನ ಟ್ರಂಕ್ ತಗದೆ. ಅಕಿ ಹೋಗಿ ಹನ್ನೆರಡು ವರ್ಷ ಆತು, ಚಂದ್ರಕಾಳಿ ಇನ್ನೂ ನುಸಿಗುಳಿಗಿ ವಾಸನಿ ನಡುವ ಮಡಚಿಟ್ಟದ್ದು ಅದ. ಸೆರಗು ದೀಪದ ಕೆಳಗ ಹಿಡದು ನೋಡಿದೆ. ನಾ ಸಣ್ಣಾಕಿ ಇದ್ದಾಗಿಂದ ನೋಡಿದ್ದು, ಆದ್ರ ಎಣಸಿರಲಿಲ್ಲ ಎಂದೂ. ಒಂದ ಸೀರ್ಯಾಗ ಮೂರು ಗೋಪುರ ಇದ್ವು, ಮೂರೂ ಬ್ಯಾರೆ ಬ್ಯಾರೆ! ಒಂದಕ್ಕ ಕಳಸ ಒಂದು, ಒಂದಕ್ಕ ಮೂರು. ಒಂದರ ಬಾಗಲದಾಗ ಏನೋ ಸಣ್ಣದು ಕೂತದ, ಗಿಣಿ ಇರಬೇಕು. ನಮ್ಮವ್ವ ಅದನ್ನ ಅವರವ್ವನ ಕಡಿಂದ ಕಲತಿದ್ಲು, ಅವರವ್ವ ಯಾರ ಕಡಿಂದ ಕಲತಿದ್ಲೋ. ಕಸೂತಿಗೆ ಜಿಐ ಗುರ್ತು ಸಿಕ್ಕದ ಅಂತ ನಮ್ಮ ಮನಿಯವ್ರು ಒಮ್ಮೆ ಪೇಪರ್ ಓದಿ ಹೇಳಿದ್ರು. ಅದೂ ಒಬ್ಬರ ಹೆಸರಿನ್ಯಾಗ ಕಸೂತಿ ಬರದು ಕೊಟ್ಟದ್ದಲ್ಲ, ಈ ಸೀಮಿದು ಅಂತ ಕೊಟ್ಟದ್ದು. ಹಂಗಿದ್ದಾಗ ನಾ ಎಲ್ಲಿಂದ ತಂದೆ ಈ "ಸ್ವಂತದ್ದು" ಅನ್ನೂದನ್ನ?

ಮರುದಿನ ಹತ್ತು ಹೊಡಿಯೂದಕ್ಕ ಅಜ್ಜಿ ಕಟ್ಟಿಗೆ ಹೋದೆ. 7 ನಂಬರಿನ ಅರಬಿ ಒಯ್ದಿದ್ದೆ. ಏನ ಹೇಳಬೇಕು ಅಂತ ದಾರಿಯಾಗ ಹೊಂದಿಸಿಕೊಂಡು ಹೋಗಿದ್ದೆ, ಅಲ್ಲಿ ಹೋಗಿ ನಿಂತ ಕೂಡಲೆ ಎಲ್ಲಾ ಮರತೆ. "ಅಜ್ಜಿ, ತಪ್ಪಾತು" ಅಂದೆ.

ಅಜ್ಜಿ, "ಕೂಡು" ಅಂದ್ರು. ಸ್ವಲ್ಪ ಹೊತ್ತು ಸುಮ್ನಿದ್ದು, "ನೀ ಎಣಸಿದ್ಯೇನು?" ಅಂತ ಕೇಳಿದ್ರು.

ನಾ ಬೀಜಾ ಅಂತ ತಿಳಕೊಂಡು, "ಹೂಂರಿ, 81 ಬಂದಿದ್ವು" ಅಂದೆ. ಅಜ್ಜಿ ಹಲ್ಲಿಲ್ಲದ ಬಾಯಿ ತಗದು ನಕ್ಕರು. "ಹುಚ್ಚಿ, ಪಾವಟಿಗಿ ಎಣಸಿದ್ಯೇನು ಅಂತ ಕೇಳಿದೆ."

ಅರಬಿ ತೊಡಿ ಮ್ಯಾಲೆ ಹಾಸ್ಕೊಂಡು ಸೂಜಿ ತುದಿಯಿಂದ ಒಂದೊಂದ ಎಣಸಿದೆ. ಗೋಪುರದ ಕೆಳಗ ಇಳದ ಮುರಗಿ ಸಾಲಿನ್ಯಾಗ 25 ಪಾವಟಿಗಿ. ಮಂಡಳದ ಒಂದೊಂದು ವರ್ಷಕ್ಕ ಒಂದೊಂದು. ಕೆಳಗಿನ ಚೌಕ ತುಳಸಿ ಕಟ್ಟಿ ಅಲ್ಲ, ಭಾವಿ. ಮ್ಯಾಲೆ ಸಣ್ಣ ಗಡಗಡಿನೂ ಹಾಕಿದ್ರು, ನಾವು ಅದನ್ನ ತುಳಸಿ ಎಲಿ ಅಂತ ತಿಳಕೊಂಡಿದ್ವಿ. ನಮ್ಮ ಓಣ್ಯಾಗ ನಳಾ ಬರೂಕಿಂತಾ ಮುಂಚೆ ಒಂದು ಭಾವಿ ಇತ್ತು. ನಾ ಮದುವ್ಯಾಗಿ ಬಂದ ಹೊಸದಾಗ ನೀರಿಗೆ ಅಲ್ಲೇ ಹೋಗ್ತಿದ್ದೆ, ಕೈ ಬೊಬ್ಬಿ ಬಂದಾಗ ಹಗ್ಗಾ ಹೆಂಗ ಹಿಡೀಬೇಕು ಅಂತ ತೋರಿಸಿದವ್ರು ಇದ ಅಜ್ಜಿ. ಆಮ್ಯಾಲೆ ಭಾವಿ ಮುಚ್ಚಿದ್ರು. ಅಲ್ಲಿ ಈಗ ಸ್ಕೂಟರ್ ನಿಲ್ಲಿಸ್ತಾರ. ನೀರಿಗೆ ಅಂತ ಕೂಡೂದು ನಿಂತ ಮ್ಯಾಲೆ ಹೆಣ್ಮಕ್ಕಳು ಒಬ್ಬರ ಮುಖಾ ಒಬ್ಬರು ನೋಡೂದು ತಪ್ಪಿತು ಅಂತ ಮಂಡಳ ಶುರು ಮಾಡಿದವ್ರೂ ಅಜ್ಜಿನ. ಅದೆಲ್ಲಾ ನನಗ ಗೊತ್ತಿದ್ದದ್ದ. ಆದ್ರೂ 12 ಇಂಚಿನ ಅರಬ್ಯಾಗ ನನಗ ಕಾಣಲಿಲ್ಲ.

"ಗೋಪುರ ನಮ್ಮವ್ವಂದು" ಅಂದ್ರು ಅಜ್ಜಿ. "ಅದನ್ನ ನಂದು ಅಂತ ನಾ ಎಲ್ಲಿ ಅಂದೆ? ಅವ್ವನ ಗೋಪುರದಿಂದ ನಮ್ಮ ಭಾವಿ ತನಕಾ ದಾರಿ ಮಾಡೀನಿ, ಅಷ್ಟ." ಆಮ್ಯಾಲೆ ಅರಬಿ ಇಸಕೊಂಡು ಮಡಚಿ, "ಇದು ನನಗ ಹೊಳ್ಳಿ ಬೇಕು. ಮೊಮ್ಮಗಳ ಕೂಸಿಗೆ ಕುಂಚಗಿ ಮಾಡ್ಬೇಕು" ಅಂದ್ರು. ನನ್ನ ಕಣ್ಣಾಗ ನೀರು ಬಂದ್ವು. ಅಜ್ಜಿ ನೋಡಿ ನೋಡದಂಗ ಮಾಡಿ ಒಳಗ ಹೋಗಿ ಚಹಾಕ್ಕ ಇಟ್ರು.

ಮುಂದಿನ ಗುರುವಾರ ಭಜನಿ ಮುಗದ ಮ್ಯಾಲೆ ಎಲ್ಲಾರ ಮುಂದ ಹೇಳಿದೆ, ನಿಯಮಾ ತಪ್ಪು ಬರದದ್ದು ನಾ, ತಪ್ಪು ತೀರ್ಪು ಕೊಟ್ಟದ್ದೂ ನಾ ಅಂತ. ಪಾವಟಿಗಿ ಎಣಸಿದ್ದೂ ಹೇಳಿದೆ. ಮನಿ ಪಾಲಿನ ಮಾತು ಮಾತ್ರ ಹೇಳಲಿಲ್ಲ, ಅದು ಇವತ್ತ ಇಲ್ಲೇ ಬರಿಯೂದು. ಕೆಲವ್ರು ಸ್ಪರ್ಧಾ ಮೊದಲಿಂದ ಮಾಡ್ರಿ ಅಂದ್ರು, ಕೆಲವ್ರು ಯಾರ ಹಾಕಬೇಕು ಮತ್ತ ಅಂದ್ರು. ಒಬ್ಬರು, ನಿಯಮಾ ಅಂದ್ರ ನಿಯಮಾ, ಹಿಂಗ ಬದಲಿ ಮಾಡ್ಕೋತ ಹೋದ್ರ ಮುಂದ ಯಾರೂ ಹಾಕೂದುಲ್ಲ ಅಂದ್ರು. ಅವರ ಮಾತಿನ್ಯಾಗೂ ಸುಳ್ಳಿಲ್ಲ. ಒಂದು ತಾಸು ವಾದ ಆತು.

ನನಗ ಅಂಜಕಿ ಇದ್ದದ್ದು ನಮ್ಮ ನೆಗೆಣ್ಣೀದು. ಅಕಿ ಒಂದು ಮಾತೂ ಆಡಲಿಲ್ಲ, ನಡುವ ಎದ್ದು ಮನಿಗೆ ಹೋದ್ಲು. ಇನ್ನ ಆತು, ಮತ್ತ ಮೂರು ವರ್ಷ ಅಂದ್ಕೊಂಡೆ. ಹದಿನೈದು ನಿಮಿಷಕ್ಕ ಹೊಳ್ಳಿ ಬಂದ್ಲು, ಬಗಲಾಗ ಅವರವ್ವನ ಚಂದ್ರಕಾಳಿ. ಅಜ್ಜಿ ಚೌಕದ ಬಾಜೂಕ ಹಾಸಿ ತಾನ ಎಣಸಲಿಕ್ಕೆ ಹತ್ತಿದ್ಲು. ಅವರವ್ವನ ಗೋಪುರಕ್ಕ ಮೂರು ಅಂತಸ್ತು, ಅಜ್ಜೀದಕ್ಕ ಐದು. ಮತ್ತೊಮ್ಮೆ ಎಣಸಿದ್ಲು. "ಬ್ಯಾರೆ ಅದರಿ" ಅಂದ್ಲು, ನನ್ನ ಕಡೆ ನೋಡಲಿಲ್ಲ. ತಪ್ಪಾತು ಅನ್ನಲಿಲ್ಲ, ನಾ ಕೇಳಲೂ ಇಲ್ಲ. ಮರುದಿನ ಗ್ರಾಫ್ ಹಾಳಿ ತರಿಸಿ ಅಜ್ಜಿ ಚಿತ್ರ ಪೂರ್ತಿ ಮನಿ ಮನಿ ಎಣಸಿ ಇಳಿಸಿದಾಕಿ ಅಕಿನ. ನಮ್ಮ ಓಣ್ಯಾಗ ಗ್ರಾಫ್ ಅಷ್ಟ ಚೊಕ್ಕ ಇನ್ಯಾರಿಗೂ ಬರೂದುಲ್ಲ.

ಕಡೀಕ ಹಿಂಗಾತು. ಮಂಡಳದ ಗುರ್ತು ಅಜ್ಜಿ ಗೋಪುರ-ಭಾವಿ. ನವಿಲು ತೋರಣಕ್ಕ, ಯಾಕಂದ್ರ ವೋಟ್ ಬಿದ್ದದ್ದು ಅದಕ್ಕ, ಆ ಹುಡುಗಿ ಶ್ರಮಾನೂ ಸುಳ್ಳಲ್ಲ. ನಿಮ್ಮ ಓಣ್ಯಾಗ ಯಾರೆರ ಇಂಥಾ ಸ್ಪರ್ಧಾ ಇಡೋರಿದ್ರ ನನ್ನ ನಿಯಮದ ಹಾಳಿ ಈಗೂ ಅದ, ಕೊಡ್ತೀನಿ. "ಚಿತ್ರ ಸ್ವಂತದ್ದಿರಬೇಕು" ಅನ್ನೂದನ್ನ ಕಾಟು ಹೊಡದು ಅಲ್ಲೇ ಕೆಳಗ ಬರದೀನಿ: "ಎಲ್ಲಿಂದ ತಗೊಂಡೀರಿ, ಯಾರ ಕಡಿಂದ ಕಲತೀರಿ, ನೀವು ಏನು ಕೂಡಿಸೀರಿ, ಬರೀರಿ." ಹುಣಸಿ ಬೀಜ ಮಾತ್ರ ಬ್ಯಾಡವೇ ಬ್ಯಾಡ.

ಇಳಕಲ್ ಸೀರಿ ಇನ್ನೂ ನಮ್ಮ ಕಪಾಟಿನ್ಯಾಗ ಅದ. ಆ ಹುಡುಗಿ ಒಲ್ಲೆ ಅಂತಾಳ. ಅಜ್ಜಿಗೆ ಕೊಡಲಿಕ್ಕೆ ಹೋದ್ರ, "ಈ ವಯಸ್ಸಿನ್ಯಾಗ ಟೋಪ ತೆನಿ ಸೆರಗು ಹೊತ್ತು ನಾ ಎಲ್ಲಿಗೆ ಹೋಗ್ಲಿ?" ಅಂತ ಹೊಳ್ಳಿ ಕಳಿಸಿದ್ರು. ಏನ ಮಾಡ್ಬೇಕು ಅಂತ ನಿಮಗೆ ತಿಳದ್ರ ಹೇಳ್ರಿ.

ಕೈಚೀಲದ ಮ್ಯಾಲೆ ಅವರವ್ರು ಅವರವರದು ಹಾಕ್ಕೋಬೇಕು ಅಂತ ಆಗೇದ. ನಂದು ಗೋಪುರ ಮುಗದದ, ಪಾವಟಿಗ್ಯಾಗ ನಿಂತದ. ಹದಿನೇಳನೇದರಾಗ ಒಂದು ಎಳಿ ತಪ್ಪತದ, ಹೊಳ್ಳಿ ಬರೂಮುಂದ ಕೂಡೂದುಲ್ಲ. ಮೂರು ಸಲ ಬಿಚ್ಚಿದೆ. ನಾಳೆ ಹತ್ತಕ್ಕ ಅಜ್ಜಿ ಕಟ್ಟಿಗೆ ಹೋಗಿ ತೋರಿಸಬೇಕು. ನೆಗೆಣ್ಣಿನೂ ಬರ್ತೀನಿ ಅಂದಾಳ, ಅಕೀದು ಭಾವಿ ಗಡಗಡಿ ಸೊಟ್ಟ ಬಂದದಂತ. ಯವ್ವಾ, ಎಷ್ಟ ಸೀಟಿ ಆದ್ವೋ ಏನೋ, ಬ್ಯಾಳಿ ಹತ್ತಿದ ವಾಸನಿ ಬರ್ಲಿಕ್ಕತ್ತದ.